ಜಾರಬೇಕು, ಆದ್ರೆ ಪಕ್ಕಕ್ಕಲ್ಲ

ಐಸ್ ಸ್ಕೇಟಿಂಗ್ ಬಗ್ಗೆ ಶಾಲೆಯಲ್ಲಿ ಹೇಳಿಕೊಡುವ ಒಂದು ವಿವರಣೆ ಇದೆ. ಸ್ಕೇಟಿನ ಅಲಗು ತೆಳ್ಳಗೆ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತೆ, ಆ ಒತ್ತಡಕ್ಕೆ ಕೆಳಗಿನ ಐಸ್ ಕರಗಿ ನೀರಾಗುತ್ತೆ, ಅದಕ್ಕೇ ಜಾರುತ್ತೆ ಅಂತ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಯಾಕಂದ್ರೆ ಲೆಕ್ಕ ಹಾಕಿ ನೋಡೋಕೆ ಎರಡು ನಿಮಿಷ ಸಾಕು.

ಐಸ್ ಕರಗುವ ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಇಳಿಯಬೇಕಾದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 135 ಪಟ್ಟು ಒತ್ತಡ ಬೇಕು. 70 ಕೆಜಿ ತೂಕದವರು ಒಂಟಿ ಕಾಲಲ್ಲಿ ನಿಂತಿದ್ದಾರೆ, ಅಲಗಿನ ಬರೀ 1 ಚದರ ಸೆಂಟಿಮೀಟರ್ ಐಸ್‌ಗೆ ತಾಗಿದೆ ಅನ್ನಿ. ಆಗಲೂ ಸಿಗುವುದು ಸುಮಾರು 70 ಪಟ್ಟು. ಅಂದರೆ ಅರ್ಧ ಡಿಗ್ರಿ. ಆದರೆ ಮೈನಸ್ 20ರ ಚಳಿಯಲ್ಲೂ ಜನ ಆರಾಮಾಗಿ ಸ್ಕೇಟ್ ಮಾಡುತ್ತಾರಲ್ವಾ? ಐಸ್‌ನ ಮೇಲ್ಮೈಯಲ್ಲಿ ತಾನಾಗಿಯೇ ಒಂದು ತೆಳು ದ್ರವದ ಪದರ ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಹೇಳಿದ್ದರು. ಉಜ್ಜುವಾಗ ಹುಟ್ಟುವ ಬಿಸಿಯೂ ಐಸನ್ನು ಕರಗಿಸುತ್ತದೆ ಎಂದು ವಿಜ್ಞಾನಿಗಳಾದ ಬೌಡನ್ ಮತ್ತು ಹ್ಯೂಸ್ 1939ರಲ್ಲಿ ತೋರಿಸಿದರು. ಒಟ್ಟಿನಲ್ಲಿ ಸುಮ್ನೆ ಜಾರೋಕೆ ಹರಿತವಾದ ಅಲಗೇ ಬೇಕಾಗಿಲ್ಲ.

ಮೊದಲ ಸ್ಕೇಟುಗಳಲ್ಲಿ ಅಲಗು ಇರಲೂ ಇಲ್ಲ. ಅವು ಮೂಳೆಗಳು. ಉತ್ತರ ಯುರೋಪಿನ ಜನ ಕುದುರೆ, ದನಗಳ ಕಾಲಿನ ಮೂಳೆಯನ್ನು ಒಂದು ಬದಿ ಚಪ್ಪಟೆಯಾಗಿ ತೇಯ್ದು, ತೊಗಲಿನ ದಾರದಿಂದ ಪಾದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಮೂಳೆಗೆ ಜಿಡ್ಡು ಇದ್ದೇ ಇರುತ್ತೆ, ಚೆನ್ನಾಗಿ ಜಾರುತ್ತೆ. ಆದರೆ ಮುಂದೆ ಹೋಗೋದು ಹೇಗೆ? ಕಾಲಿಂದ ತಳ್ಳಿದರೆ ಕಾಲೇ ಜಾರಿಹೋಗುತ್ತೆ. ಅದಕ್ಕೇ ಕೈಯಲ್ಲಿ ಮೊನೆಯಿರುವ ಕೋಲು. 1170ರ ದಶಕದಲ್ಲಿ ವಿಲಿಯಂ ಫಿಟ್ಜ್‌ಸ್ಟೀಫನ್ ಲಂಡನ್ ಬಗ್ಗೆ ಬರೆಯುವಾಗ ಇದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ್ದಾನೆ. ಊರ ಗೋಡೆಯಾಚೆಯ ಜೌಗು ಹೆಪ್ಪುಗಟ್ಟಿದಾಗ ಹುಡುಗರು ಕಾಲಿಗೆ ಮೂಳೆ ಕಟ್ಟಿಕೊಂಡು, ಕಬ್ಬಿಣದ ಮೊನೆಯ ಕೋಲಿನಿಂದ ಐಸ್ ತಿವಿದು ಹಕ್ಕಿಯ ಹಾಗೆ ಹೋಗುತ್ತಿದ್ದರಂತೆ. ನಮ್ಮ ತೆಪ್ಪದವರು ಗಳ ಊರಿ ನೂಕುತ್ತಾರಲ್ಲ, ಅದೇ ಲೆಕ್ಕ.

ಕೋಲನ್ನು ಬಿಸಾಡುವ ಹಾಗೆ ಮಾಡಿದ್ದು ನೆದರ್ಲ್ಯಾಂಡ್ಸ್ ಕಡೆಯ ಕಬ್ಬಿಣದ ಅಲಗು. ಮಧ್ಯಯುಗದ ಕೊನೆಯ ಹೊತ್ತಿಗೆ ಅಲ್ಲಿನವರು ಮರದ ಮೆಟ್ಟಿಗೆ ಅಂಚಿರುವ ಕಬ್ಬಿಣದ ಪಟ್ಟಿ ಕೂರಿಸಿದರು. ನನ್ನ ಪ್ರಕಾರ ಸ್ಕೇಟಿನ ಇಡೀ ಕಥೆ ಈ ಅಂಚಿನಲ್ಲಿದೆ. ಒಂದು ಸಾಬೂನಿನ ಬಿಲ್ಲೆಗೆ ಚಾಕುವಿನ ಅಂಚನ್ನು ಒತ್ತಿ ಉದ್ದಕ್ಕೆ ಎಳೆಯಿರಿ. ಸಲೀಸಾಗಿ ಹೋಗುತ್ತೆ. ಪಕ್ಕಕ್ಕೆ ತಳ್ಳಿ. ಕಚ್ಚಿಕೊಂಡು ನಿಲ್ಲುತ್ತೆ. ಎತ್ತಿನ ಗಾಡಿಯ ಚಕ್ರವೂ ಹೀಗೇ, ಜಾಡಿನ ಗುಂಟ ಉರುಳುತ್ತೆ, ಜಾಡು ದಾಟಿ ಆಚೆ ಹೋಗೋಕೆ ಒಪ್ಪಲ್ಲ. ಹಾವನ್ನೂ ನೋಡಿ. ಅಕ್ಕಪಕ್ಕದ ಹುಲ್ಲು, ಕಲ್ಲಿಗೆ ಮೈಯನ್ನು ಓರೆಯಾಗಿ ಒತ್ತುತ್ತೆ, ಮುಂದಕ್ಕೆ ಹರಿಯುತ್ತೆ. ಸ್ಕೇಟ್ ಮಾಡುವವರು ಒಂದು ಕಾಲನ್ನು ಓರೆ ಇಟ್ಟು ಪಕ್ಕಕ್ಕೆ ಒತ್ತುತ್ತಾರೆ. ಅಂಚು ಕಚ್ಚಿಕೊಳ್ಳುತ್ತೆ. ಇನ್ನೊಂದು ಕಾಲು ಮುಂದೆ ಜಾರುತ್ತೆ.

ಇವತ್ತಿನ ಫಿಗರ್ ಸ್ಕೇಟನ್ನು (ಐಸ್ ಮೇಲೆ ನೆಗೆದು, ಸುತ್ತಿ ಕುಣಿಯುವವರ ಸ್ಕೇಟು) ಮಗುಚಿ ತಳ ನೋಡಿದರೆ ಇದು ಇನ್ನೂ ಸ್ಪಷ್ಟ. ಸುಮಾರು 4 ಮಿಲಿಮೀಟರ್ ದಪ್ಪದ ಅಲಗಿನ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದಿರುತ್ತಾರೆ. ಹಾಗಾಗಿ ಒಂದೇ ಅಲಗಿಗೆ ಒಳಗೊಂದು, ಹೊರಗೊಂದು ಅಂಚು. ಸಾಣೆ ಸರಿಯಾಗಿದೆಯಾ ಅಂತ ನೋಡೋಕೆ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯುತ್ತಾರೆ. ಉಗುರಿನ ಬಿಳಿ ಪುಡಿ ಎದ್ದರೆ ಹರಿತವಿದೆ ಅಂತ. ಅಲಗಿನ ಮುಂತುದಿಯ ಹಲ್ಲುಗಳು ನೆಗೆತಕ್ಕೆ. ಐಸ್ ಹಾಕಿ ಆಟದ ಸ್ಕೇಟಿನಲ್ಲಿ ಆ ಹಲ್ಲಿಲ್ಲ. ಅಲಗಿನ ಎರಡೂ ತುದಿ ದುಂಡಗೆ, ಚಕ್ಕಂತ ತಿರುಗೋಕೆ. ಸ್ಪೀಡ್ ಸ್ಕೇಟಿನದು ಬೇರೆ ದಾರಿ: ಉದ್ದ, ನೇರ, ಹೆಚ್ಚುಕಮ್ಮಿ 1 ಮಿಲಿಮೀಟರ್ ದಪ್ಪ.

ಈ ಸ್ಪೀಡ್ ಸ್ಕೇಟಿನಲ್ಲೇ ನನಗೆ ತುಂಬಾ ಇಷ್ಟವಾದ ಸಂಗತಿ ನಡೆದಿದ್ದು. ಒಂದು ಸಲ ಎದ್ದು ನಿಂತು, ಹಿಮ್ಮಡಿ ಎತ್ತದೆ ನೆಗೆಯಲು ನೋಡಿ. ಎಷ್ಟು ಕಷ್ಟ ಅಲ್ವಾ? ಮೀನಖಂಡದ ಬಲ ಬಳಕೆಗೇ ಬರಲ್ಲ. ಹಳೆಯ ಸ್ಪೀಡ್ ಸ್ಕೇಟರುಗಳು ಓಡುತ್ತಿದ್ದದ್ದೇ ಹೀಗೆ. ಹಿಮ್ಮಡಿ ಎತ್ತಿದರೆ ಅಲಗಿನ ಮೂತಿ ಐಸ್‌ಗೆ ಚುಚ್ಚಿ ವೇಗ ಹೋಗುತ್ತಿತ್ತು. 1980ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ವಿಶ್ವವಿದ್ಯಾಲಯದಲ್ಲಿ ಗೆರಿಟ್ ಯಾನ್ ಫಾನ್ ಇಂಗೆನ್ ಸ್ಖೆನೌ ಮತ್ತವರ ತಂಡ ಅಲಗನ್ನು ಬೂಟಿನ ಮುಂಭಾಗಕ್ಕೆ ಮಾತ್ರ ಕೀಲು ಹಾಕಿ ಜೋಡಿಸಿ, ಹಿಂಭಾಗವನ್ನು ಜೋಡಿಸದೆ ಬಿಟ್ಟುಬಿಟ್ಟರು. ಹವಾಯಿ ಚಪ್ಪಲಿ ನೆನೆಸಿಕೊಳ್ಳಿ. ಬೆರಳ ಹತ್ತಿರ ಮಾತ್ರ ಹಿಡಿತ, ಹಿಮ್ಮಡಿ ಎದ್ದರೂ ಚಪ್ಪಲಿ ಇನ್ನೂ ನೆಲದ ಮೇಲೇ. ಹಾಗೆಯೇ ಇಲ್ಲಿ ಹಿಮ್ಮಡಿ ಎದ್ದಮೇಲೂ ಅಲಗು ಪೂರ್ತಿ ಐಸ್ ಮೇಲಿರುತ್ತೆ, ಒತ್ತುವ ಸಮಯ ಜಾಸ್ತಿಯಾಗುತ್ತೆ. ಕಾಲೆತ್ತಿದ ಮೇಲೆ ಸ್ಪ್ರಿಂಗ್ ಅಲಗನ್ನು ಎಳೆದು ಬೂಟಿಗೆ ಸೇರಿಸುತ್ತೆ.

ದೊಡ್ಡ ಸ್ಕೇಟರುಗಳು ವರ್ಷಗಟ್ಟಲೆ ಇದನ್ನು ನಂಬಲಿಲ್ಲ. ಆಮೇಲೆ, 1997ರ ಜನವರಿಯಲ್ಲಿ ಡಚ್ ಸ್ಕೇಟರ್ ಟೋನಿ ಡೆ ಯೊಂಗ್ ಇದೇ ಸ್ಕೇಟ್ ಹಾಕಿ ಮಹಿಳೆಯರ ಯುರೋಪಿಯನ್ ಚಾಂಪಿಯನ್ ಆದರು. 1994ರ ಒಲಿಂಪಿಕ್ಸಿನಲ್ಲಿ ನಾರ್ವೆಯ ಯೋಹಾನ್ ಓಲಾವ್ ಕಾಸ್ ಹಳೆಯ ಸ್ಕೇಟಿನಲ್ಲೇ 10,000 ಮೀಟರನ್ನು 13 ನಿಮಿಷ 30.55 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ್ದರು. 1998ರಲ್ಲಿ ನಗಾನೊದಲ್ಲಿ ಡಚ್ಚರ ಜ್ಯಾನಿ ರೊಮ್ಮೆ ಕೀಲಿನ ಸ್ಕೇಟಿನಲ್ಲಿ ಅದನ್ನು 13 ನಿಮಿಷ 15.33 ಸೆಕೆಂಡಿಗೆ ಇಳಿಸಿದರು. ಈ ಸ್ಕೇಟಿಗೆ ಡಚ್ ಭಾಷೆಯಲ್ಲಿ ಕ್ಲಾಪ್‌ಸ್ಕಾಟ್ಸ್ ಅಂತಾರೆ. ಒಂದೊಂದು ಹೆಜ್ಜೆಗೂ ಅಲಗು ಬೂಟಿಗೆ ಬಡಿಯುವ ಆ ‘ಟಪ್’ ಸದ್ದಿನಿಂದಲೇ ಬಂದ ಹೆಸರು ಅದು.