ಮಗಳ ಸೈಕಲ್, ಅಪ್ಪನ ಮೊಣಕಾಲು

ಸಕ್ಕರೆ ಕಾಯಿಲೆ, ಬೊಜ್ಜು, ಸೊಂಟ ನೋವು ಅಂತ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುವವರಲ್ಲಿ ಬಹಳ ಜನ ಕಾರಿನಲ್ಲೇ ಬರುತ್ತಾರೆ. ಮನೆ ಎಲ್ಲಿ ಅಂತ ಕೇಳಿದರೆ ಎರಡು-ಮೂರು ಕಿಲೋಮೀಟರ್ ದೂರವೂ ಇರುವುದಿಲ್ಲ. ವಿಜಯಪುರ ಅಂಥ ದೊಡ್ಡ ಊರೇನಲ್ಲ. ಗೋಳಗುಮ್ಮಟದಿಂದ ಊರಿನ ಆ ತುದಿಯ ಇಬ್ರಾಹಿಂ ರೋಜಾಕ್ಕೆ ನಿಧಾನಕ್ಕೆ ಸೈಕಲ್ ತುಳಿದರೂ ಅರ್ಧ ತಾಸು ಬೇಡ. ನೆಲ ಹೆಚ್ಚುಕಡಿಮೆ ಸಪಾಟು. ಬೆಳಗಾವಿಯವರ ಹಾಗೆ ಮಳೆ ನೆಪ ಹೇಳಲೂ ನಮಗೆ ಬಾಯಿಲ್ಲ. ಅದಕ್ಕೇ ಆಫೀಸಿಗೆ, ಅಂಗಡಿಗೆ ಸೈಕಲ್ ಮೇಲೆ ಹೋಗಿ ಅಂತ ಹೇಳುತ್ತಿರುತ್ತೇನೆ.

ಲೆಕ್ಕವೂ ಸರಳ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋದರೆ 3 ಕಿ.ಮೀ.ಗೆ 15 ನಿಮಿಷ. ಹೋಗಿ ಬಂದರೆ ಅರ್ಧ ಗಂಟೆ. ವಾರಕ್ಕೆ ಐದು ದಿನ ಆಫೀಸಿಗೆ ಹೋದರೆ ಅಲ್ಲಿಗೆ 150 ಮುಗಿಯಿತು. ಜಿಮ್ ಫೀ ಉಳಿಯಿತು.

ಆದರೆ ಮಾತು ಕೇಳಿದವರಲ್ಲಿ ಕೆಲವರು ಎರಡೇ ವಾರಕ್ಕೆ ವಾಪಸ್ ಬರುತ್ತಾರೆ. "ಸೈಕಲ್ ಸಾಕ್ರಿ ಡಾಕ್ಟರ್ರ, ಮೊಣಕಾಲು ಹಿಡಕೊಂಡೈತಿ." ಆಗ ನಾನು ಕಾಲಿಗಿಂತ ಮೊದಲು ಅವರ ಸೈಕಲ್ ನೋಡುತ್ತೇನೆ. ಅದು ಸಾಮಾನ್ಯವಾಗಿ ಮಗಳದ್ದು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಅದರಲ್ಲೊಂದು. ಹದಿಮೂರು ವರ್ಷದ ಹುಡುಗಿಗೆ ಇಳಿಸಿದ್ದ ಸೀಟು ಇನ್ನೂ ಅಲ್ಲೇ ಇರುತ್ತದೆ. ಅದರ ಮೇಲೆ ಐದೂಮುಕ್ಕಾಲು ಅಡಿಯ ಅಪ್ಪ ಕೂತಿರುತ್ತಾರೆ.

ಸೀಟು ಕೆಳಗಿದ್ದರೆ ಪೆಡಲ್ ಪೂರ್ತಿ ಕೆಳಗೆ ಹೋದಾಗಲೂ ಮೊಣಕಾಲು ಮಡಚಿಕೊಂಡೇ ಇರುತ್ತದೆ. ಮೇಲೆ ಬಂದಾಗ ಇನ್ನೂ ಜಾಸ್ತಿ ಮಡಚುತ್ತದೆ. ಅಷ್ಟು ಮಡಚಿದ ಕಾಲಲ್ಲಿ ಬಲ ಹಾಕಿ ತುಳಿದಾಗ ಮೊಣಕಾಲ ಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ಒಂದೊಂದು ಸುತ್ತಿಗೂ ಒಂದೊಂದು ಒತ್ತು. ನಿಮಿಷಕ್ಕೆ ಐವತ್ತು-ಅರವತ್ತು ಸುತ್ತು ಅಂದರೆ ನೀವೇ ಲೆಕ್ಕ ಹಾಕಿ. ವಾಸ್ತವವಾಗಿ ಮೊಣಕಾಲು ಸವೆದವರಿಗೂ ನಾವು ಸೈಕಲ್ ಹೇಳುವುದುಂಟು. ಮೈಭಾರ ಸೀಟಿನ ಮೇಲೆ ಬೀಳುತ್ತದೆ, ಕೀಲಿಗೆ ನಡಿಗೆಗಿಂತ ಹಗುರ. ಸೀಟು ಸರಿ ಇದ್ದರೆ ಮಾತ್ರ.

ಸರಿ ಮಾಡಿಕೊಳ್ಳಲು ಟೇಪ್ ಬೇಡ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ. ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಅದೇ ನಿಮ್ಮ ಎತ್ತರ. ತುಳಿಯುವಾಗ ಹಿಮ್ಮಡಿಯ ಬದಲು ಪಾದದ ಮುಂಭಾಗ ಪೆಡಲ್ ಮೇಲಿರುತ್ತದೆ, ಆಗ ಮೊಣಕಾಲು ಬೇಕಾದಷ್ಟೇ, ಸುಮಾರು 25ರಿಂದ 35 ಡಿಗ್ರಿ, ಬಾಗಿರುತ್ತದೆ. ನೋವು ಚಿಪ್ಪಿನ ಮುಂದೆ ಇದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಂತ ಅರ್ಥ. ಮಂಡಿಯ ಹಿಂದೆ ಸೆಳೆತ ಬಂದರೆ ಎತ್ತರ ಜಾಸ್ತಿಯಾಗಿದೆ.

ಇಲ್ಲಿ ಎಲ್ಲರದೂ ಒಂದೇ ತಕರಾರು: "ನೆಲಕ್ಕೆ ಕಾಲು ಹತ್ತೂದಿಲ್ರಿ." ಹತ್ತಬಾರದು! ನಿಲ್ಲಿಸುವಾಗ ಸೀಟಿಂದ ಮುಂದಕ್ಕೆ ಇಳಿದು ಒಂದು ಕಾಲು ಊರಬೇಕು. ಸೀಟಿನ ಮೇಲೆ ಕೂತೇ ಎರಡೂ ಪಾದ ಊರುವ ಆಸೆಯೇ ಅರ್ಧ ಮೊಣಕಾಲು ನೋವಿಗೆ ಮೂಲ. ಗಾಂಧಿ ಚೌಕದ ಗದ್ದಲದಲ್ಲಿ ಹೆದರಿಕೆ ಆಗುತ್ತದೆ, ಒಪ್ಪುತ್ತೇನೆ. ಅದಕ್ಕೇ ಒಮ್ಮೆಲೇ ಏರಿಸಬೇಡಿ. ನಾಲ್ಕೈದು ದಿನಕ್ಕೆ ಒಂದು ಬೆರಳಿನ ಅಗಲದಷ್ಟು ಸಾಕು. ನಮ್ಮ ವಿಜಯಪುರ, ಬಾಗಲಕೋಟೆ ಹುಡುಗ-ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತರುತ್ತಾರಲ್ಲ, ಅವರು ಅಭ್ಯಾಸ ಮಾಡುವಾಗ ಸೀಟು ಎಲ್ಲಿರುತ್ತದೆ ಅಂತ ಒಮ್ಮೆ ಗಮನಿಸಿ.

ಮಕ್ಕಳ ಸೈಕಲ್‌ನಲ್ಲಿ ಸೀಟಿನ ರಾಡ್ ಗಿಡ್ಡ. ಜಾಸ್ತಿ ಎಳೆದರೆ ಕಳಚಿಕೊಂಡು ಬೀಳಿಸುತ್ತದೆ. ರಾಡ್ ಮೇಲೆ ಗೆರೆ ಇದ್ದರೆ ಅದು ಹೊರಗೆ ಕಾಣಬಾರದು. ಅಂಗಡಿಯಲ್ಲಿ ಅದೇ ದಪ್ಪದ ಉದ್ದ ರಾಡ್ ಕೇಳಿ, ಹಾಕಿಸಿ.

ಇನ್ನು ಹವಾ. ಚಕ್ರದಲ್ಲಿ ಹವಾ ಕಡಿಮೆ ಇದ್ದರೆ ಆ ಶ್ರಮವೆಲ್ಲ ಕಾಲಿನ ಮೇಲೆ. ಟೈರಿನ ಪಕ್ಕದಲ್ಲೇ ಎಷ್ಟು ಬೇಕೆಂದು ಬರೆದಿರುತ್ತದೆ. ವಾರಕ್ಕೊಮ್ಮೆ ತುಂಬಿಸಿ. ಜಾಲಿ ಮುಳ್ಳಿನ ಪಂಚರ್‌ಗೆ ಮಾತ್ರ ನನ್ನ ಬಳಿ ಔಷಧ ಇಲ್ಲ. ಸೀರೆ ಉಡುವವರು ಚೈನ್ ಕವರ್, ಹಿಂದಿನ ಚಕ್ರದ ಜಾಲರಿ ಎರಡೂ ಇರುವ ಸೈಕಲ್ಲನ್ನೇ ತೆಗೆದುಕೊಳ್ಳಿ.

ಏಪ್ರಿಲ್-ಮೇನಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವಾಗ ಸೈಕಲ್ ಹಠ ಬೇಡ. ಆಗ ಕಾರೇ ಸರಿ. ಎದೆನೋವು, ತಲೆಸುತ್ತು ಇರುವವರು, ಮೊಣಕಾಲು ಬಾತಿರುವವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರಿಗೆ ತೋರಿಸಿಯೇ ಶುರು ಮಾಡಬೇಕು.

ಬಿಸಿಲು ಮುಗಿದರೆ ಗಾಳಿ. ಜೂನ್‌ನಿಂದ ಪಡುವಣ ಗಾಳಿ ಜೋರು. ಅಥಣಿ ರಸ್ತೆ ಕಡೆ ಹೋಗುವವರಿಗೆ ಅದು ಎದುರು ಗಾಳಿ. ಗೇರ್ ಇಲ್ಲದ ಸೈಕಲ್ ಆಗ ಬಹಳ ಭಾರ ಅನಿಸುತ್ತದೆ, ಮೊಣಕಾಲಿಗೆ ಮತ್ತೆ ಒತ್ತಡ. ಹಿಂದಿನ ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ) 18 ಹಲ್ಲಿನದಾಗಿದ್ದರೆ 20ರದ್ದು ಹಾಕಿಸಿ. ವೇಗ ಸ್ವಲ್ಪ ಇಳಿಯುತ್ತದೆ, ಆದರೆ ಕಾಲು ಹಗುರಾಗಿ ತಿರುಗುತ್ತದೆ. ಚೈನ್ ಸಾಲದಿದ್ದರೆ ಮೆಕ್ಯಾನಿಕ್ ಒಂದು ಕೊಂಡಿ ಸೇರಿಸಿಕೊಡುತ್ತಾನೆ.