ಪದ ಪರಿಚಯ: ಮಾನಸಿಕ ಬಿಡುವು

‘ಬಿಡುವು’ ಎಂಬ ಪದ ‘ಬಿಡು’ ಧಾತುವಿನಿಂದ ಬಂದದ್ದು. ಬಳಕೆಯಲ್ಲಿ ಮಾತ್ರ ನಾವು ಅದನ್ನು ಗಡಿಯಾರಕ್ಕೆ ಕಟ್ಟಿಹಾಕಿದ್ದೇವೆ: ಕಚೇರಿ ಮುಗಿಯಿತು, ಇನ್ನು ಬಿಡುವು. ಕೈಯೇನೋ ಕೆಲಸವನ್ನು ಬಿಟ್ಟಿರುತ್ತದೆ, ಮನಸ್ಸು ಬಿಟ್ಟಿದೆಯೇ? ಕೆಲಸದ ಹೊತ್ತು ಕಳೆದ ಮೇಲೆ ಅದರ ಯೋಚನೆಯಿಂದಲೂ ಹೊರಬರುವುದಕ್ಕೆ ಮನಶ್ಶಾಸ್ತ್ರದಲ್ಲಿ ‘ಸೈಕಲಾಜಿಕಲ್ ಡಿಟ್ಯಾಚ್‌ಮೆಂಟ್’ ಎಂಬ ಹೆಸರಿದೆ. ಇದನ್ನು ‘ನಿರ್ಲಿಪ್ತತೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಆ ಮಾತಿನಲ್ಲಿ ಕೆಲಸದ ಮೇಲೆ ಅಕ್ಕರೆಯೇ ಇಲ್ಲವೆಂಬ ಧ್ವನಿಯಿದೆ. ‘ಮಾನಸಿಕ ಬಿಡುವು’ ಎಂದರೆ ಅರ್ಥ ಸರಿಯಾಗಿ ಕೂರುತ್ತದೆ.

ಮನಶ್ಶಾಸ್ತ್ರಜ್ಞರಾದ ಸಬೀನ್ ಸೊನ್ನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಜ್ 2007ರಲ್ಲಿ ದಣಿವಾರಿಸುವ ನಾಲ್ಕು ಅನುಭವಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ವಿಶ್ರಾಂತಿ, ಹೊಸದರಲ್ಲಿ ಪಳಗುವುದು, ತನ್ನ ಹೊತ್ತಿನ ಮೇಲೆ ತನಗಿರುವ ಹಿಡಿತ, ಇವುಗಳ ಜೊತೆಗೆ ಮಾನಸಿಕ ಬಿಡುವೂ ಅದರಲ್ಲಿದೆ.

ಈ ಬಿಡುವು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಮನೆಗೆ ಹೊರಟ ಇಬ್ಬರಿಗೆ ಮೇಲಧಿಕಾರಿಯಿಂದ ‘ನಾಳೆ ಮಾತನಾಡೋಣ’ ಎಂಬ ಒಂದೇ ಸಾಲಿನ ಇಮೇಲ್ ಬರುತ್ತದೆ ಎನ್ನಿ. ಒಬ್ಬರು ಓದಿ ಮರೆಯುತ್ತಾರೆ. ಇನ್ನೊಬ್ಬರು ಊಟದ ನಡುವೆ, ಮಲಗಿದ ಮೇಲೆ, ಅದೇ ಎರಡು ಪದಗಳನ್ನು ತಿರುವಿ ಹಾಕುತ್ತಿರುತ್ತಾರೆ. ವ್ಯಕ್ತಿತ್ವದ ಐದು ಮುಖ್ಯ ಗುಣಗಳಲ್ಲಿ ‘ನ್ಯೂರಾಟಿಸಿಸಂ’ ಎಂಬುದೊಂದು. ಬೇಗ ಕಳವಳಕ್ಕೊಳಗಾಗುವ ಸ್ವಭಾವವದು, ರೋಗವಲ್ಲ. ಇದು ಹೆಚ್ಚಿರುವವರಿಗೆ ಕೆಲಸದಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು ಕಷ್ಟವೆಂದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅಂಥವರಿಗೆ ‘ಸುಮ್ಮನೆ ಮರೆತುಬಿಡಿ’ ಎನ್ನುವುದು ಉಪಕಾರವಲ್ಲ, ನೋಯಿಸುವ ಮಾತು.

ಹಾಗೆಂದು ಕೆಲಸವೇ ದುಃಖ, ರಜೆಯೇ ಸುಖ ಎಂದೂ ಅಲ್ಲ. ಮಿಹಾಯ್ ಚಿಕ್ಸೆಂಟ್ಮಿಹಾಯಿ ಮತ್ತು ಜುಡಿತ್ ಲಫೀವರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೌಶಲಕ್ಕೆ ತಕ್ಕ ಸವಾಲು ಸಿಕ್ಕಿ ಮೈಮರೆಯುವ ಕ್ಷಣಗಳು ಬಿಡುವಿಗಿಂತ ಕೆಲಸದಲ್ಲೇ ಹೆಚ್ಚಾಗಿದ್ದವು. ಆದರೂ ಕೆಲಸದಲ್ಲಿದ್ದಾಗ ಜನ ಬೇರೇನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು ಎಂದೇ ಬಯಸುತ್ತಿದ್ದರು! ಮಾನಸಿಕ ಬಿಡುವೆಂದರೆ ಬರಿದೇ ಕೂರುವುದಲ್ಲ ಎಂಬುದಕ್ಕೂ ಇದು ಸುಳಿವು. ಮನಸ್ಸನ್ನು ಪೂರ್ತಿಯಾಗಿ ಬೇಡುವ ಹವ್ಯಾಸ, ಟಿವಿಯ ಮುಂದೆ ಕುಳಿತು ಕಚೇರಿಯನ್ನೇ ನೆನೆಯುವುದಕ್ಕಿಂತ ಹೆಚ್ಚು ಬಿಡುವು ಕೊಡಬಲ್ಲದು.

ಅರೆಬರೆ ಉಳಿದ ಕೆಲಸ ಮನಸ್ಸಿಗೆ ಹೆಚ್ಚು ಅಂಟುತ್ತದೆ. ಅದನ್ನು ಯಾವಾಗ, ಎಲ್ಲಿ, ಹೇಗೆ ಮುಗಿಸುವುದೆಂದು ಖಚಿತವಾಗಿ ಯೋಜಿಸಿದರೆ ನಡುನಡುವೆ ನುಗ್ಗುವ ಯೋಚನೆಗಳು ತಗ್ಗುತ್ತವೆ ಎಂದು 2011ರ ಪ್ರಯೋಗಗಳು ತೋರಿಸಿವೆ. ಹೊರಡುವ ಮುನ್ನ ಐದು ನಿಮಿಷ ಕುಳಿತು ಇದನ್ನು ಬರೆದಿಡಬಹುದು. ಮೇಲಧಿಕಾರಿಯೂ ‘ನಾಳೆ ಮಾತನಾಡೋಣ’ ಎಂಬ ಸಾಲಿನಲ್ಲೇ ವಿಷಯವೇನೆಂದು ಸೇರಿಸಬಹುದು.