ಒಡೆಯುತ್ತದೆ ಅಂತ ಗೊತ್ತು, ಹೇಗೆ ಅಂತ ಗೊತ್ತಿಲ್ಲ

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆಯಿರಿ. ಸಿಗುವುದು 21 ಅಂಕೆಗಳ ಸಂಖ್ಯೆ: 14,75,73,95,25,89,67,64,12,927. ಸುಮಾರು 260 ವರ್ಷ ಇದು ಗಣಿತಜ್ಞರನ್ನು ಆಡಿಸಿತು.

ಶುರು ಮಾಡಿದವರು ಫ್ರಾನ್ಸಿನ ಪಾದ್ರಿ ಮರೆನ್ ಮೆರ್ಸೆನ್. ಹೀಗೆ 2ರ ಘಾತದಿಂದ 1 ಕಳೆದಾಗ ಯಾವಾಗ ಅವಿಭಾಜ್ಯ ಸಂಖ್ಯೆ ಸಿಗುತ್ತದೆ ಅಂತ 1644ರಲ್ಲಿ ಒಂದು ಪಟ್ಟಿ ಕೊಟ್ಟರು. 257ನೇ ಘಾತದವರೆಗಿನ ಆ ಪಟ್ಟಿಯಲ್ಲಿ 67 ಇತ್ತು. ಸಾಬೀತು ಮಾತ್ರ ಇರಲಿಲ್ಲ. 61, 89, 107 ಬಿಟ್ಟುಹೋಗಿದ್ದವು, 67 ಮತ್ತು 257 ಸುಮ್ನೆ ಸೇರಿಕೊಂಡಿದ್ದವು ಅಂತ ಗೊತ್ತಾಗಲು ಬಹಳ ಕಾಲ ಹಿಡಿಯಿತು.

ನಮ್ಮ 21 ಅಂಕೆಗಳ ಸಂಖ್ಯೆಯ ಬಾಯಿ ಮೊದಲು ಬಿಡಿಸಿದವರು ಫ್ರಾನ್ಸಿನ ಗಣಿತಜ್ಞ ಎದುವಾರ್ ಲೂಕಾ, 1876ರಲ್ಲಿ. ಇದು ಅವಿಭಾಜ್ಯ ಅಲ್ಲ ಅಂತ ತೋರಿಸಿದರು, ಆದರೆ ಒಂದೇ ಒಂದು ಅಪವರ್ತನವನ್ನೂ ಕೊಡಲಿಲ್ಲ. ಅದು ಹೇಗೆ ಸಾಧ್ಯ? ಅವರ ವಿಧಾನವನ್ನು ಮುಂದೆ ಅಮೆರಿಕದ ಗಣಿತಜ್ಞ ಲೆಹ್ಮರ್ ಸರಳಗೊಳಿಸಿದರು. ಆ ರೂಪದಲ್ಲೇ ನೋಡೋಣ. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. ಹೆಜ್ಜೆಗಳು ಘಾತಕ್ಕಿಂತ ಎರಡು ಕಡಿಮೆ; ಕೊನೆಗೆ ಸೊನ್ನೆ ಬಂದರೆ ಮಾತ್ರ ಸಂಖ್ಯೆ ಅವಿಭಾಜ್ಯ. 31ಕ್ಕೆ, ಅಂದರೆ 2ರ 5ನೇ ಘಾತದಲ್ಲಿ 1 ಕಳೆದದ್ದಕ್ಕೆ, ಮೂರು ಹೆಜ್ಜೆ ಸಾಕು: 4, 14, 194. 194ರ ಶೇಷ 8. 8ರ ವರ್ಗದಲ್ಲಿ 2 ಕಳೆದರೆ 62, ಶೇಷ ಸೊನ್ನೆ. ಹಾಗಾಗಿ 31 ಅವಿಭಾಜ್ಯ. 67ನೇ ಘಾತದ ನಮ್ಮ ಸಂಖ್ಯೆಗೆ 65 ಹೆಜ್ಜೆ ಹಾಕಿದರೂ ಸೊನ್ನೆ ಬರುವುದಿಲ್ಲ. ತೀರ್ಪು ಸಿಕ್ಕಿತು. ಆದರೆ ಯಾವುದರಿಂದ ಭಾಗವಾಗುತ್ತದೆ ಅನ್ನುವ ಸುಳಿವೇ ಇಲ್ಲ!

ಹುಡುಕುವುದಕ್ಕೆ ಒಂದು ಅನುಕೂಲವೇನೋ ಇದೆ. ನಮ್ಮ ಸಂಖ್ಯೆಯ ಯಾವುದೇ ಅಪವರ್ತನವನ್ನು 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗಿಸಿದರೆ 1 ಉಳಿಯಲೇಬೇಕು. 135, 269, 403... ಹೀಗೆ ನೋಡುತ್ತಾ ಹೋಗಬಹುದು. ಆದರೆ ಬರೀ ಈ ನಿಯಮ ಹಿಡಿದು ಹೊರಟರೆ ಮೊದಲ ಉತ್ತರ ಸಿಗುವುದು 14,45,580ನೇ ಸಂಖ್ಯೆಯಲ್ಲಿ. ಬೇರೆ ನಿಯಮಗಳಿಂದ ಅರ್ಧಕ್ಕಿಂತ ಜಾಸ್ತಿ ಕಳಚಿದರೂ, ಕೈಲೆಕ್ಕದಲ್ಲಿ ಮಾಡುವವರ ಗತಿ ಏನು?

ಮಾಡಿದವರು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಉತ್ತರ ಮುಂದಿಟ್ಟರು: 19,37,07,721 ಗುಣಿಸು 7,61,83,82,57,287. ಅವರು ಒಂದು ಮಾತೂ ಆಡದೆ ಬೋರ್ಡಿನ ಮೇಲೆ 2ರ 67ನೇ ಘಾತದಲ್ಲಿ 1 ಕಳೆಯುವ ಲೆಕ್ಕ, ಈ ಗುಣಾಕಾರ, ಎರಡನ್ನೂ ಮಾಡಿ ಕೂತರು, ಸಭೆ ಚಪ್ಪಾಳೆ ತಟ್ಟಿತು, ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವು ಅಂತ ಗಣಿತಜ್ಞರ ಕತೆ ಬರೆದ ಇ. ಟಿ. ಬೆಲ್ ಆಮೇಲೆ ಬರೆದರು. ಬೆಲ್ ಕತೆಗೆ ಒಗ್ಗರಣೆ ಹಾಕುವವರೇ, ಹಾಗಾಗಿ ಮೌನದ ಭಾಗವನ್ನು ನಾನು ಪೂರ್ತಿ ನಂಬುವುದಿಲ್ಲ. ಗುಣಾಕಾರವನ್ನು ಮಾತ್ರ ಯಾರು ಬೇಕಾದರೂ ಪರೀಕ್ಷಿಸಬಹುದು, ಅಲ್ವಾ?

ಇವತ್ತು ಕಂಪ್ಯೂಟರ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ. ಲೂಕಾ ಮತ್ತು ಕೋಲ್ ನಡುವಿನ ಅಂತರ ಮಾತ್ರ ಮುಚ್ಚಿಲ್ಲ. ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಯುವ ಆರ್‌ಎಸ್‌ಎ ವಿಧಾನ ನಿಂತಿರುವುದೇ ಅದರ ಮೇಲೆ. ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಸುಲಭ, ಅದನ್ನು ಒಡೆಯುವುದು ಕಷ್ಟ. ಮೆರ್ಸೆನ್ನರ ಸಾಲಿನಲ್ಲೇ 2ರ 1277ನೇ ಘಾತದಲ್ಲಿ 1 ಕಳೆದ ಸಂಖ್ಯೆ ಇದೆ, 385 ಅಂಕೆಗಳದ್ದು. ಅವಿಭಾಜ್ಯ ಅಲ್ಲ ಅಂತ ಖಚಿತವಾಗಿದೆ. ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.